ರಾಯಚೂರು ಸೀಮೆಯ ದಾಸರ ಪದಗಳ ರಚನೆ ಮತ್ತು ಪ್ರಸಾರ

ರಾಯಚೂರು ಸೀಮೆಯ ದಾಸರ ಪದಗಳು ಎಂದರೆ ಇಂದಿನ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಮೊದಲಾದ ತಾಲ್ಲೂಕುಗಳಲ್ಲಿ ಹುಟ್ಟಿದ ಹರಿದಾಸರು 18ನೇ ಶತಮಾನದಲ್ಲಿ ಕನ್ನಡದಲ್ಲಿ ರಚಿಸಿದ ಹಾಡುಗಳು. ವಿಜಯದಾಸರು, ಅವರ ಶಿಷ್ಯ ಗೋಪಾಲದಾಸರು ಮತ್ತು ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಈ ಪರಂಪರೆಯ ಪ್ರಮುಖರು. ಪುರಂದರದಾಸರೊಂದಿಗೆ ಈ ಮೂವರನ್ನು ಸೇರಿಸಿ ‘ದಾಸ ಚತುಷ್ಟಯರು’ ಎಂದು ಕರೆಯುವ ರೂಢಿಯಿದೆ. ಮುದ್ರಣಾಲಯವಾಗಲಿ ಧ್ವನಿಮುದ್ರಣವಾಗಲಿ ಇಲ್ಲದ ಕಾಲದಲ್ಲಿ ರಚನೆಯಾದ ಈ ಹಾಡುಗಳು ಕಂಠದಿಂದ ಕಂಠಕ್ಕೆ ಸಾಗಿ, ಅನಂತರ ಪುಸ್ತಕ, ಗ್ರಾಮಫೋನ್ ತಟ್ಟೆ, ಬಾನುಲಿ, ಕ್ಯಾಸೆಟ್ ಹಾಗೂ ಅಂತರಜಾಲದ ಮೂಲಕ ಪ್ರಸಾರಗೊಂಡಿವೆ. ಈ ದೀರ್ಘ ಪ್ರಯಾಣದಲ್ಲಿ ರಚನಕಾರನ ಹೆಸರನ್ನು ಹಾಡಿನೊಳಗೇ ಉಳಿಸಿದ ಸಾಧನವೆಂದರೆ ‘ಅಂಕಿತ’.

ಹಿನ್ನೆಲೆ

ರಾಯಚೂರು ಜಿಲ್ಲೆಯು ಉತ್ತರದಲ್ಲಿ ಕೃಷ್ಣಾ, ದಕ್ಷಿಣದಲ್ಲಿ ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ದೇವದುರ್ಗವು ಕೃಷ್ಣೆಯ ಕಡೆಗೂ ಮಾನ್ವಿಯು ತುಂಗಭದ್ರೆಯ ಕಡೆಗೂ ಇವೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನ ಪ್ರವೇಶ ಮಾಡಿದ ಮಂತ್ರಾಲಯವು ತುಂಗಭದ್ರೆಯ ಆಚೆಯ ದಡದಲ್ಲಿದೆ. 15 ಮತ್ತು 16ನೇ ಶತಮಾನಗಳಲ್ಲಿ ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ಮತ್ತು ಕನಕದಾಸರಿಂದ ಬೆಳೆದ ಹರಿದಾಸ ಪರಂಪರೆಯು ವಿಜಯನಗರದ ಪತನದ ಬಳಿಕ ಕ್ಷೀಣಿಸಿತ್ತು. ಅದು ಮತ್ತೆ ಚಿಗುರಿದ್ದು ಮುಖ್ಯವಾಗಿ ಈ ನೆಲದಲ್ಲಿ.

ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಅವರ ಮೊದಲ ಹೆಸರು ದಾಸಪ್ಪ. ಕಾಶಿಯಲ್ಲಿದ್ದಾಗ ಪುರಂದರದಾಸರು ಸ್ವಪ್ನದಲ್ಲಿ ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತವನ್ನು ನೀಡಿದರೆಂಬುದು ಸಾಂಪ್ರದಾಯಿಕ ನಂಬಿಕೆ. ಅವರ ಕೊನೆಯ ದಿನಗಳು ಇಂದಿನ ಆಂಧ್ರಪ್ರದೇಶದ ಚಿಪ್ಪಗಿರಿಯಲ್ಲಿ ಕಳೆದವು.

ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರ ಪೂರ್ವನಾಮ ಭಾಗಣ್ಣ. ಅವರು ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದರು. ಅವರ ಮೂವರು ಸಹೋದರರೂ ದಾಸರಾದರು. ಗುರುಗೋಪಾಲವಿಠಲ, ವರದಗೋಪಾಲವಿಠಲ ಮತ್ತು ತಂದೆಗೋಪಾಲವಿಠಲ ಎಂಬವು ಆ ಸಹೋದರರ ಅಂಕಿತಗಳು.

ಜಗನ್ನಾಥದಾಸರು (1728–1809) ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಜನಿಸಿದರು. ಶ್ರೀನಿವಾಸಾಚಾರ್ಯ ಎಂಬ ಹೆಸರಿನ ಅವರು ಸಂಸ್ಕೃತ ವಿದ್ವಾಂಸರಾಗಿದ್ದು, ಕನ್ನಡದಲ್ಲಿ ಹಾಡಿ ಕುಣಿಯುವ ದಾಸರನ್ನು ಲಘುವಾಗಿ ಕಾಣುತ್ತಿದ್ದರೆಂದು ಪ್ರತೀತಿ. ಮಾನ್ವಿಗೆ ಬಂದಿದ್ದ ವಿಜಯದಾಸರ ಆಹ್ವಾನವನ್ನು ಅವರು ಹೊಟ್ಟೆನೋವಿನ ನೆಪವೊಡ್ಡಿ ನಿರಾಕರಿಸಿದರು. ಅನಂತರ ಆ ನೋವೇ ಅವರನ್ನು ನಿಜವಾಗಿ ಕಾಡಿತು. ಕೊನೆಗೆ ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯ ಮೂಲಕ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಶಿಷ್ಯನಿಗೆ ಧಾರೆಯೆರೆದರೆಂದು ಪರಂಪರೆ ಹೇಳುತ್ತದೆ. ಪಂಢರಪುರದ ಚಂದ್ರಭಾಗಾ ನದಿಯಲ್ಲಿ ಅವರಿಗೆ ‘ಜಗನ್ನಾಥವಿಠಲ’ ಎಂಬ ಅಂಕಿತ ದೊರೆಯಿತು. ಈ ಕಥೆಯಲ್ಲಿನ ಪವಾಡದ ಅಂಶ ಶ್ರದ್ಧೆಗೆ ಸೇರಿದ್ದು. ಆದರೆ ಸಂಸ್ಕೃತ ಪಾಂಡಿತ್ಯಕ್ಕೂ ಕನ್ನಡದ ಹಾಡಿಗೂ ಆ ಕಾಲದಲ್ಲಿದ್ದ ಅಂತರವನ್ನು ಹಾಗೂ ಆ ಅಂತರವನ್ನು ದಾಟಿ ಬಂದವರನ್ನು ಪರಂಪರೆ ಹೇಗೆ ನೆನೆಯಿತೆಂಬುದನ್ನು ಅದು ತೋರಿಸುತ್ತದೆ.

ರಚನೆಯ ಪ್ರಕಾರಗಳು

ದಾಸರು ಬಳಸಿದ ಪ್ರಕಾರಗಳಲ್ಲಿ ಪದ, ಉಗಾಭೋಗ ಮತ್ತು ಸುಳಾದಿ ಮುಖ್ಯವಾದವು.

ಪದ ಅಥವಾ ಕೀರ್ತನೆಯಲ್ಲಿ ಪಲ್ಲವಿ, ಅನುಪಲ್ಲವಿ ಮತ್ತು ಹಲವು ಚರಣಗಳಿರುತ್ತವೆ. ಪ್ರತಿ ಚರಣದ ಬಳಿಕ ಪಲ್ಲವಿಯು ಮರಳಿ ಬರುವುದರಿಂದ ಕೇಳುಗರು ಅದನ್ನು ಬೇಗನೆ ಕಲಿತು ಜೊತೆಗೂಡಿ ಹಾಡಬಹುದು. ಉಗಾಭೋಗವು ತಾಳದ ಕಟ್ಟಿಲ್ಲದ ಕಿರು ರಚನೆ. ಸುಳಾದಿಯು ಇವೆರಡಕ್ಕಿಂತ ದೀರ್ಘವಾದುದು. ಅದರ ಭಾಗಗಳು ಧ್ರುವ, ಮಟ್ಟ, ತ್ರಿಪುಟ, ಅಟ್ಟ ಮೊದಲಾದ ಬೇರೆ ಬೇರೆ ತಾಳಗಳಲ್ಲಿದ್ದು, ಕೊನೆಯಲ್ಲಿ ‘ಜತೆ’ ಎಂಬ ಎರಡು ಸಾಲುಗಳಿರುತ್ತವೆ. ಸುಳಾದಿಗಳ ರಚನೆಯಲ್ಲಿ ವಿಜಯದಾಸರ ಹೆಸರು ವಿಶೇಷವಾದುದು.

ಜಗನ್ನಾಥದಾಸರು ಇವುಗಳ ಜೊತೆಗೆ ಹಳೆಯ ಕನ್ನಡ ಛಂದಸ್ಸುಗಳನ್ನೂ ಬಳಸಿದರು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಈ ಷಟ್ಪದಿಯ 1, 2, 4 ಮತ್ತು 5ನೇ ಸಾಲುಗಳಲ್ಲಿ 14 ಮಾತ್ರೆಗಳು, 3 ಮತ್ತು 6ನೇ ಸಾಲುಗಳಲ್ಲಿ 23 ಮಾತ್ರೆಗಳು ಇರುತ್ತವೆ. ದ್ವೈತ ಸಿದ್ಧಾಂತವನ್ನು ಕನ್ನಡದಲ್ಲಿ ವಿವರಿಸುವ ಈ ಕೃತಿಯ ಕೊನೆಗೆ ‘ಶ್ರೀದವಿಠಲ’ ಅಂಕಿತದ ಶಿಷ್ಯರು ರಚಿಸಿದ ಫಲಶ್ರುತಿ ಸಂಧಿಯೂ ಸೇರಿದೆ. ಸಂಕರ್ಷಣ ಒಡೆಯರು ಇದಕ್ಕೆ ವ್ಯಾಖ್ಯಾನ ಬರೆದಿದ್ದಾರೆ. ಅವರ ‘ತತ್ತ್ವಸುವ್ವಾಲಿ’ಯು ತ್ರಿಪದಿಯಲ್ಲಿದೆ. ತ್ರಿಪದಿಯು ಬೀಸುವಾಗ, ಕುಟ್ಟುವಾಗ ಹೆಂಗಳೆಯರು ಹಾಡುತ್ತಿದ್ದ ಮಟ್ಟು. ಹೀಗೆ ಹೊಸ ವಿಷಯವೊಂದು ಜನರಿಗೆ ಆಗಲೇ ಬಾಯಿಗೆ ಬರುತ್ತಿದ್ದ ಧಾಟಿಯಲ್ಲಿ ಮನೆಗಳನ್ನು ತಲುಪಿತು.

ಅಂಕಿತ

ಅಂಕಿತವೆಂದರೆ ರಚನೆಯಲ್ಲಿ ಬರುವ ಮುದ್ರಿಕೆ. ದಾಸದೀಕ್ಷೆಯ ಸಂದರ್ಭದಲ್ಲಿ ಗುರುವು ಇದನ್ನು ಶಿಷ್ಯನಿಗೆ ನೀಡುತ್ತಾನೆ. ವ್ಯಕ್ತಿಯ ಸ್ವಂತ ಹೆಸರಿನ ಬದಲು ಭಗವಂತನ ಒಂದು ಹೆಸರನ್ನೇ ಮುದ್ರಿಕೆಯಾಗಿ ಬಳಸುವುದರಿಂದ, ರಚನೆಯು ದೇವರಿಗೆ ಅರ್ಪಿತವಾಗುವುದರ ಜೊತೆಗೆ ರಚಿಸಿದವರು ಯಾರೆಂಬುದೂ ತಿಳಿಯುತ್ತದೆ. ಗೋಪಾಲದಾಸರ ಸಹೋದರರ ಅಂಕಿತಗಳಲ್ಲಿ ಕಾಣುವಂತೆ, ಒಂದು ಹೆಸರಿಗೆ ‘ಗುರು’, ‘ವರದ’, ‘ತಂದೆ’ ಮೊದಲಾದ ಪದಗಳು ಸೇರಿದಾಗ ಪರಂಪರೆಯ ಕೊಂಡಿಯೂ ಅದರಲ್ಲಿ ದಾಖಲಾಗುತ್ತದೆ.

ಅಂಕಿತವು ಸಾಮಾನ್ಯವಾಗಿ ಕೊನೆಯ ಚರಣದಲ್ಲಿ ಬರುತ್ತದೆ. ಅದು ಪ್ರತ್ಯೇಕವಾಗಿ ಅಂಟಿಸಿದ ಹೆಸರಲ್ಲ, ವಾಕ್ಯದ ಭಾಗವೇ ಆಗಿರುತ್ತದೆ. ಆದುದರಿಂದ ಅದನ್ನು ತೆಗೆದರೆ ಅರ್ಥ ಕೆಡುತ್ತದೆ, ಲಯವೂ ತಪ್ಪುತ್ತದೆ. ಹಾಡುವವರು ನಡುವಿನ ಚರಣಗಳನ್ನು ಬಿಟ್ಟರೂ ಕೊನೆಯ ಚರಣವನ್ನು ಹಾಡಿ ಮುಗಿಸುವ ರೂಢಿಯಿರುವುದರಿಂದ, ಸಂಕ್ಷಿಪ್ತಗೊಂಡ ಹಾಡಿನಲ್ಲಿಯೂ ಹೆಸರು ಉಳಿಯುತ್ತದೆ.

ಮೌಖಿಕ ಪ್ರಸಾರ

ದಾಸರು ತಂಬೂರಿ, ತಾಳ ಮತ್ತು ಗೆಜ್ಜೆಗಳೊಂದಿಗೆ ಊರೂರು ಸಂಚರಿಸಿ ಹಾಡುತ್ತಿದ್ದರು. ಮನೆಮನೆಯಿಂದ ಪಡೆದ ಧಾನ್ಯವು ಅವರ ಜೀವನೋಪಾಯವಾಗಿತ್ತು. ಶಿಷ್ಯರು, ಭಜನಾ ಮಂಡಳಿಗಳು ಮತ್ತು ಮನೆಯ ಹೆಂಗಸರು ಪದಗಳನ್ನು ಕಲಿತು ಮುಂದಿನವರಿಗೆ ಕಲಿಸಿದರು. ಕೆಲವರು ಅವುಗಳನ್ನು ಹಸ್ತಪ್ರತಿಗಳಲ್ಲಿ ಬರೆದಿಟ್ಟುಕೊಂಡರು.

ಆರಾಧನೆಗಳು ಈ ಪ್ರಸಾರಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಒದಗುವ ಸಂದರ್ಭಗಳಾಗಿವೆ. ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಯಂದು, ಗೋಪಾಲದಾಸರ ಆರಾಧನೆ ಪುಷ್ಯ ಬಹುಳ ಅಷ್ಟಮಿಯಂದು ಮತ್ತು ಜಗನ್ನಾಥದಾಸರ ಆರಾಧನೆ ಭಾದ್ರಪದ ಶುದ್ಧ ನವಮಿಯಂದು ನಡೆಯುತ್ತವೆ. ಜಗನ್ನಾಥದಾಸರು ಸ್ತಂಭದಲ್ಲಿ ಸನ್ನಿಹಿತರಾಗಿದ್ದಾರೆಂದು ಭಕ್ತರು ನಂಬುವ ಮಂದಿರವು ಮಾನ್ವಿಯಲ್ಲಿದೆ.

ಮೌಖಿಕ ಪರಂಪರೆಯಲ್ಲಿ ಸಾಹಿತ್ಯವು ಉಳಿದಷ್ಟು ಸ್ಥಿರವಾಗಿ ಧಾಟಿಯು ಉಳಿಯಲಿಲ್ಲ. ಒಂದೇ ಪದವನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ರಾಗಗಳಲ್ಲಿ ಹಾಡುವುದುಂಟು. ಇಂದು ಪರಿಚಿತವಾಗಿರುವ ಅನೇಕ ಮಟ್ಟುಗಳು 20ನೇ ಶತಮಾನದ ಗಾಯಕರು ಅಳವಡಿಸಿದವು.

ಮುದ್ರಣ

ದಾಸರ ಪದಗಳ ಆರಂಭಿಕ ಮುದ್ರಿತ ಸಂಕಲನವನ್ನು ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. 20ನೇ ಶತಮಾನದಲ್ಲಿ ಉಡುಪಿಯಲ್ಲಿ ಪಾವಂಜೆ ಗುರುರಾಯರು ದಾಸರ ಕೃತಿಗಳನ್ನು ಪ್ರಕಟಿಸಿದರು. ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ಹಸ್ತಪ್ರತಿಗಳಿಂದ ಕೃತಿಗಳನ್ನು ಸಂಗ್ರಹಿಸಿ, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅನೇಕ ಸಂಪುಟಗಳನ್ನು ಹೊರತಂದರು. 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಜಿಲ್ಲೆಯ ಸಾಹಿತ್ಯವು ಇತರ ಭಾಗಗಳ ಓದುಗರನ್ನು ತಲುಪಲು ಇಂತಹ ಪ್ರಕಟಣೆಗಳು ನೆರವಾದವು.

ಧ್ವನಿಮುದ್ರಣ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3ರಿಂದ 4 ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಹಲವು ಚರಣಗಳ ಪದವನ್ನು ಈ ಮಿತಿಗೆ ತರಲು ಪಲ್ಲವಿ, ಒಂದೆರಡು ಚರಣ ಮತ್ತು ಅಂಕಿತದ ಚರಣವನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಅನೇಕ ಚರಣಗಳಿರುವ ಪದಗಳನ್ನು ಈಗಲೂ ಮೂರು ಚರಣಗಳಿಗೆ ಸೀಮಿತಗೊಳಿಸಿ ಹಾಡುವುದು ಸಾಮಾನ್ಯ. ಆ ಕಾಲದ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ತಮ್ಮ ಧ್ವನಿಮುದ್ರಣದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ಹಾಡುವವರ ಗುರುತು ಉಳಿಯಲು ಯಂತ್ರಯುಗವು ಕಂಡುಕೊಂಡ ಈ ಉಪಾಯವು ಅಂಕಿತವನ್ನು ನೆನಪಿಸುತ್ತದೆ.

ಮೈಸೂರಿನ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳಿಗೆ ಸಂಗೀತ ಕಛೇರಿಯಲ್ಲಿ ಸ್ಥಾನ ಕಲ್ಪಿಸಿದರು. ಮುಂದೆ ಭೀಮಸೇನ ಜೋಶಿಯವರ ‘ದಾಸವಾಣಿ’ಯು ಹಿಂದೂಸ್ತಾನಿ ಶೈಲಿಯಲ್ಲಿ ದಾಸರ ಪದಗಳನ್ನು ಕರ್ನಾಟಕದ ಹೊರಗೂ ಪರಿಚಯಿಸಿತು. ಕ್ಯಾಸೆಟ್ ಯುಗದಲ್ಲಿ ವಿದ್ಯಾಭೂಷಣರ ಗಾಯನವು ಈ ಹಾಡುಗಳನ್ನು ಮನೆಮಾತಾಗಿಸಿತು. ರಾಯಚೂರು ನಗರದ ಆಕಾಶವಾಣಿ ಕೇಂದ್ರವು ಈ ಸೀಮೆಯ ಬಾನುಲಿ ಕೇಂದ್ರವಾಗಿದೆ.

ಕರ್ತೃತ್ವದ ಪ್ರಶ್ನೆ

ಪುರಂದರದಾಸರ ಖ್ಯಾತಿಯಿಂದಾಗಿ ಇತರ ದಾಸರ ಪದಗಳೂ ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬರುವುದುಂಟು. ಇದಕ್ಕೆ ಛಂದಸ್ಸಿನಲ್ಲಿಯೂ ಅವಕಾಶವಿದೆ. ‘ಪುರಂದರ’ ಮತ್ತು ‘ಗೋಪಾಲ’ ಎಂಬ ಎರಡು ಪದಗಳಲ್ಲಿಯೂ ತಲಾ 5 ಮಾತ್ರೆಗಳಿವೆ. ಹೀಗಾಗಿ ಒಂದರ ಸ್ಥಾನದಲ್ಲಿ ಇನ್ನೊಂದು ಬಂದರೆ ಮಾತ್ರೆಗಳ ಲೆಕ್ಕ ತಪ್ಪುವುದಿಲ್ಲ. ‘ವಿಜಯ’ದಲ್ಲಿ 3, ‘ಜಗನ್ನಾಥ’ದಲ್ಲಿ 6 ಮಾತ್ರೆಗಳಿರುವುದರಿಂದ ಅಲ್ಲಿ ಬದಲಾವಣೆ ಸುಲಭವಲ್ಲ.

ಇಂತಹ ಸಂದರ್ಭದಲ್ಲಿ ಆದಿಪ್ರಾಸವು ನೆರವಿಗೆ ಬರುತ್ತದೆ. ಚರಣದ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರುವುದು ಆದಿಪ್ರಾಸದ ನಿಯಮ. ಅಂಕಿತವು ಸಾಲಿನ ಮೊದಲಿಗೆ ಬಂದಿದ್ದರೆ ಅದರ ಎರಡನೆಯ ಅಕ್ಷರವು ಉಳಿದ ಸಾಲುಗಳಿಗೆ ಹೊಂದಬೇಕು. ‘ಪುರಂದರ’ಕ್ಕೆ ರಕಾರ, ‘ವಿಜಯ’ಕ್ಕೆ ಜಕಾರ, ‘ಗೋಪಾಲ’ಕ್ಕೆ ಪಕಾರ ಹಾಗೂ ‘ಜಗನ್ನಾಥ’ಕ್ಕೆ ಗಕಾರದ ಪ್ರಾಸ ಬೇಕಾಗುತ್ತದೆ. ಉಳಿದ ಸಾಲುಗಳಲ್ಲಿ ಪಕಾರವಿದ್ದು ಅಂಕಿತ ಮಾತ್ರ ‘ಪುರಂದರ’ ಎಂದಿದ್ದರೆ ಪಾಠವನ್ನು ಪರಿಶೀಲಿಸಬೇಕಾಗುತ್ತದೆ. ಅಂಕಿತವು ಸಾಲಿನ ನಡುವೆ ಬಂದಿದ್ದರೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಆಗ ಹಳೆಯ ಹಸ್ತಪ್ರತಿಗಳ ಹೋಲಿಕೆಯೇ ಮುಖ್ಯ ಆಧಾರ.

ಹಕ್ಕುಸ್ವಾಮ್ಯ ಮತ್ತು ಇಂದಿನ ಬಿಡುಗಡೆ

ಭಾರತದ ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಲೇಖಕನ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಆತನ ಮರಣದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. 18ನೇ ಶತಮಾನದ ದಾಸರ ಸಾಹಿತ್ಯವನ್ನು ಇಂದು ಯಾರೂ ಹಾಡಬಹುದು, ಹೊಸ ರಾಗದಲ್ಲಿ ಅಳವಡಿಸಬಹುದು. ಆದರೆ ಒಂದು ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳ ಪ್ರತ್ಯೇಕ ಹಕ್ಕು ಇರುತ್ತದೆ. ಆದುದರಿಂದ ಪದವು ಎಲ್ಲರದ್ದಾದರೂ ಅದರ ನಿರ್ದಿಷ್ಟ ಧ್ವನಿಮುದ್ರಣವು ಎಲ್ಲರದ್ದಾಗಿರಬೇಕೆಂದಿಲ್ಲ. ಇತ್ತೀಚಿನ ಗಾಯಕರು ಅಳವಡಿಸಿದ ಹೊಸ ಸಂಗೀತಕ್ಕೂ ಬೇರೆಯೇ ಹಕ್ಕು ಇರಬಹುದು.

ಇಂದು ಒಬ್ಬ ಗಾಯಕ ಅಥವಾ ಇಬ್ಬರ ತಂಡವು ದೊಡ್ಡ ಕಂಪನಿಯ ನೆರವಿಲ್ಲದೆ ಒಂದೇ ಹಾಡನ್ನು ‘ಸಿಂಗಲ್’ ಆಗಿ ಅಂತರಜಾಲದಲ್ಲಿ ಬಿಡುಗಡೆ ಮಾಡಬಹುದು. ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತುಸಂಖ್ಯೆಯನ್ನು ನೀಡಲಾಗುತ್ತದೆ. ಗಾಯಕರು, ಸಾಹಿತ್ಯ ಮತ್ತು ಸಂಗೀತ ಸಂಯೋಜಕರ ಹೆಸರುಗಳನ್ನು ಬೇರೆ ಬೇರೆಯಾಗಿ ನಮೂದಿಸಲಾಗುತ್ತದೆ. ಹಳೆಯ ಪದಗಳ ವಿಷಯದಲ್ಲಿ ಸಾಹಿತ್ಯದ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ ಬರೆಯುವುದೂ ಉಂಟು. ಹಾಗೆ ಬರೆದಾಗ ರಚನಕಾರನ ಹೆಸರು ದಾಖಲೆಯಿಂದ ಮರೆಯಾಗುತ್ತದೆ, ಹಾಡಿನೊಳಗೆ ಮಾತ್ರ ಉಳಿಯುತ್ತದೆ. ಕೊನೆಯ ಚರಣದ ಅಂಕಿತವನ್ನು ಗಮನಿಸಿ ಸಂಬಂಧಪಟ್ಟ ದಾಸರ ಹೆಸರನ್ನು ನಮೂದಿಸಿದರೆ, ಚೀಕಲಪರ್ವಿ, ಮೊಸರಕಲ್ಲು ಮತ್ತು ಮಾನ್ವಿಗಳ ರಚನೆಗಳನ್ನು ಹುಡುಕುವ ಓದುಗರಿಗೂ ಕೇಳುಗರಿಗೂ ಅವು ದೊರೆಯುತ್ತವೆ.