ಬಣ್ಣದಡಿಯ ತುಕ್ಕು (ಮೋಟಾರ್‌ಸೈಕಲ್)

ಬಣ್ಣದಡಿಯ ತುಕ್ಕು ಎಂದರೆ ಉಕ್ಕಿನ ಮೇಲ್ಮೈಗೂ ಅದರ ಮೇಲೆ ಲೇಪಿಸಿದ ಬಣ್ಣದ ಪದರಕ್ಕೂ ನಡುವೆ, ಹೊರಗಿನಿಂದ ಕಾಣದಂತೆ ಆರಂಭವಾಗಿ ಹರಡುವ ನಶಿಸುವಿಕೆಯಾಗಿದೆ. ಮಾಲೀಕರ ಅಭಿರುಚಿಗೆ ತಕ್ಕಂತೆ ಹಳೆಯ ಬಣ್ಣವನ್ನು ತೆಗೆದು ವಿಶೇಷ ಬಣ್ಣ ಬಳಿಸಿದ, ಅಂದರೆ ಕಸ್ಟಮ್ ಬಣ್ಣದ ಮೋಟಾರ್‌ಸೈಕಲ್‌ಗಳಲ್ಲಿ ಇದು ಸಾಮಾನ್ಯ ಸಮಸ್ಯೆಯಾಗಿದೆ. ಪೆಟ್ರೋಲ್ ಟ್ಯಾಂಕ್, ಮಡ್‌ಗಾರ್ಡ್, ಚಾಸಿ ಮತ್ತು ಸ್ವಿಂಗ್ ಆರ್ಮ್ ಇದಕ್ಕೆ ಹೆಚ್ಚಾಗಿ ತುತ್ತಾಗುವ ಭಾಗಗಳು. ಹೊಳಪಿನ ಪದರದಲ್ಲಿ ಸಣ್ಣ ಗುಳ್ಳೆಗಳಾಗಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಈ ದೋಷದ ಮೂಲ ಬಹುತೇಕ ಸಂದರ್ಭಗಳಲ್ಲಿ ಮೇಲಿನ ಬಣ್ಣದಲ್ಲಿರದೆ, ಬಣ್ಣ ಬಳಿಯುವ ಮುನ್ನ ಲೋಹವನ್ನು ಸಿದ್ಧಪಡಿಸಿದ ರೀತಿಯಲ್ಲಿರುತ್ತದೆ.

ರಾಸಾಯನಿಕ ಹಿನ್ನೆಲೆ

ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆಯಾಗಿದೆ. ಉಕ್ಕಿನ ಮೇಲ್ಮೈಯ ಒಂದು ಭಾಗವು ಆನೋಡ್ ಆಗಿ ವರ್ತಿಸಿದಾಗ ಅಲ್ಲಿನ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಅಯಾನುಗಳಾಗಿ ಕರಗುತ್ತವೆ. ಸಮೀಪದ ಮತ್ತೊಂದು ಭಾಗವು ಕ್ಯಾಥೋಡ್ ಆಗುತ್ತದೆ. ಅಲ್ಲಿ ಆಕ್ಸಿಜನ್ ಮತ್ತು ನೀರು ಆ ಎಲೆಕ್ಟ್ರಾನ್‌ಗಳನ್ನು ಪಡೆದು ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಲವಣ ಕರಗಿದ ತೇವಾಂಶವು ಇವೆರಡರ ನಡುವೆ ಮಂಡಲವನ್ನು ಪೂರ್ಣಗೊಳಿಸುತ್ತದೆ. ಹೀಗೆ ಉಂಟಾದ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಸುಮಾರು 2ರಿಂದ 6 ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಬಣ್ಣದ ಪದರವು ಒಳಗಿನಿಂದ ಮೇಲಕ್ಕೆ ತಳ್ಳಲ್ಪಡುವುದಕ್ಕೆ ಇದು ಒಂದು ಮುಖ್ಯ ಕಾರಣ.

ಬಣ್ಣವು ನೀರನ್ನು ಸಂಪೂರ್ಣವಾಗಿ ತಡೆಯುತ್ತದೆ ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ಎಲ್ಲ ಸಾವಯವ ಲೇಪನಗಳ ಮೂಲಕವೂ ನೀರಿನ ಆವಿ ಮತ್ತು ಆಕ್ಸಿಜನ್ ಸ್ವಲ್ಪಮಟ್ಟಿಗೆ ಒಳಸೇರುತ್ತವೆ. ಬಣ್ಣವು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದರೆ ನೀರು ಶೇಖರವಾಗಲು ಅಲ್ಲಿ ಸ್ಥಳವಿರುವುದಿಲ್ಲ ಮತ್ತು ಅಯಾನುಗಳ ಚಲನೆ ನಿಧಾನವಾಗುತ್ತದೆ. ಆದ್ದರಿಂದ ಲೇಪನದ ರಕ್ಷಣಾಶಕ್ತಿಯು ಅದರ ದಪ್ಪ ಮತ್ತು ಹೊಳಪಿಗಿಂತ ಹೆಚ್ಚಾಗಿ ಅದರ ಅಂಟುಗುಣವನ್ನೂ, ಅದರಡಿಯ ಲೋಹದ ಶುಚಿತ್ವವನ್ನೂ ಅವಲಂಬಿಸಿದೆ.

ವಿಧಗಳು

ಅಭಿಸರಣೆಯ ಗುಳ್ಳೆಗಳು: ಬೆವರು, ಗಡಸು ನೀರು ಅಥವಾ ಆಮ್ಲದ ಶೇಷದಿಂದ ಬಂದ ಲವಣಗಳು ಬಣ್ಣದಡಿಯಲ್ಲಿ ಉಳಿದಿದ್ದರೆ, ಬಣ್ಣವು ಅರೆಪಾರಕ ಪೊರೆಯಂತೆ ವರ್ತಿಸುತ್ತದೆ. ಹೊರಗಿನ ನೀರು ಲವಣವಿರುವ ಕಡೆಗೆ ಸೆಳೆಯಲ್ಪಟ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ಆರಂಭದಲ್ಲಿ ಇವುಗಳಲ್ಲಿ ದ್ರವ ಮಾತ್ರ ಇರಬಹುದು. ಕ್ರಮೇಣ ತುಕ್ಕು ತುಂಬಿಕೊಳ್ಳುತ್ತದೆ. ಬರಿಗೈಯಿಂದ ಮುಟ್ಟಿದ ಲೋಹದ ಮೇಲೆ ಬೆರಳಚ್ಚಿನ ಆಕಾರದಲ್ಲೇ ಗುಳ್ಳೆಗಳು ಏಳುವುದುಂಟು.

ಗೀರಿನಿಂದ ಹರಡುವ ತುಕ್ಕು: ಕಲ್ಲು ಸಿಡಿದು ಅಥವಾ ಬೀಗದ ಕೈ ಉಜ್ಜಿ ಬಣ್ಣ ಕಿತ್ತುಬಂದ ಜಾಗದಲ್ಲಿ ಲೋಹವು ಆನೋಡ್ ಆಗುತ್ತದೆ. ಸುತ್ತಲಿನ ಬಣ್ಣದ ಅಂಚಿನ ಕೆಳಗೆ ಕ್ಯಾಥೋಡ್ ಕ್ರಿಯೆ ನಡೆದು, ಅಲ್ಲಿ ಉಂಟಾಗುವ ಕ್ಷಾರವು ಬಣ್ಣಕ್ಕೂ ಲೋಹಕ್ಕೂ ಇರುವ ಬಂಧವನ್ನು ಸಡಿಲಿಸುತ್ತದೆ. ಹೀಗಾಗಿ ಕಣ್ಣಿಗೆ ಕಾಣುವ ಗೀರಿಗಿಂತ ಸಡಿಲಗೊಂಡ ಪ್ರದೇಶವು ಯಾವಾಗಲೂ ದೊಡ್ಡದಾಗಿರುತ್ತದೆ.

ಫಿಲಿಫಾರ್ಮ್ ನಶಿಸುವಿಕೆ: ತೆಳುವಾದ ಪದರದಡಿಯಲ್ಲಿ ಹುಳು ಹರಿದಂತೆ ಕಾಣುವ ದಾರದಂಥ ಗೆರೆಗಳಿಗೆ ಈ ಹೆಸರಿದೆ. ಇದನ್ನು ಸಿ. ಎಫ್. ಶರ್ಮನ್ 1944ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಗೆರೆಯ ಮುಂತುದಿಯಲ್ಲಿ ಕ್ರಿಯೆ ಸಕ್ರಿಯವಾಗಿರುತ್ತದೆ. ಹಿಂದಿನ ಬಾಲದಲ್ಲಿ ಒಣಗಿದ ಕೆಂಗಂದು ತುಕ್ಕು ಉಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 65ರಿಂದ 95 ಪ್ರತಿಶತದ ನಡುವೆ ಇರುವಾಗ ಇದು ಹೆಚ್ಚಾಗಿ ಬೆಳೆಯುತ್ತದೆ.

ಒಳಗಿನಿಂದ ಬರುವ ತುಕ್ಕು: ಪೆಟ್ರೋಲ್ ಟ್ಯಾಂಕಿನ ಒಳಮೈಯಲ್ಲಿ ಆರಂಭವಾದ ತುಕ್ಕು ತಗಡನ್ನು ಕೊರೆದು ಹೊರಗಿನ ಬಣ್ಣವನ್ನು ತಲುಪುತ್ತದೆ. ಹೊರಗಿನಿಂದ ಇದು ಇತರ ಗುಳ್ಳೆಗಳಂತೆಯೇ ಕಂಡರೂ ಇದರ ಪರಿಹಾರ ಸಂಪೂರ್ಣ ಬೇರೆಯಾಗಿದೆ.

ಕಸ್ಟಮ್ ಬಣ್ಣದಲ್ಲಿ ಅಪಾಯ ಹೆಚ್ಚಾಗಲು ಕಾರಣಗಳು

ಆಧುನಿಕ ಕಾರ್ಖಾನೆಗಳಲ್ಲಿ ಉಕ್ಕಿನ ಭಾಗಗಳನ್ನು ಸಾಮಾನ್ಯವಾಗಿ ಜಿಡ್ಡು ತೆಗೆದು, ಫಾಸ್ಫೇಟ್ ದ್ರಾವಣದಿಂದ ಸಂಸ್ಕರಿಸಿದ ನಂತರವೇ ಬಣ್ಣ ಬಳಿಯಲಾಗುತ್ತದೆ. ಇಂಗ್ಲೆಂಡಿನ ಥಾಮಸ್ ವಾಟ್ಸ್ ಕಾಸ್ಲೆಟ್ 1906ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿಧಾನದಿಂದ ಬೆಳೆದುಬಂದ ಈ ಸಂಸ್ಕರಣೆಯು ಲೋಹದ ಮೇಲೆ ಸೂಕ್ಷ್ಮ ಹರಳುಗಳ ಪದರವನ್ನು ರೂಪಿಸುತ್ತದೆ. ಅನೇಕ ಭಾಗಗಳನ್ನು ಅನಂತರ ವಿದ್ಯುತ್ ಹಾಯಿಸಿದ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಲಾಗುತ್ತದೆ. ಈ ಪ್ರೈಮರ್ ಬೆಸುಗೆಯ ಸಂದುಗಳನ್ನೂ ಮಡಿಕೆಗಳನ್ನೂ ತಲುಪುತ್ತದೆ.

ಕಸ್ಟಮ್ ಬಣ್ಣಕ್ಕಾಗಿ ಹಳೆಯ ಪದರಗಳನ್ನು ಬರಿಯ ಲೋಹದವರೆಗೆ ಉಜ್ಜಿ ತೆಗೆದಾಗ ಈ ರಕ್ಷಣೆಯೂ ಹೋಗುತ್ತದೆ. ಸಣ್ಣ ಕಾರ್ಯಾಗಾರಗಳಲ್ಲಿ ಅಂಥ ತೊಟ್ಟಿಗಳಿರುವುದಿಲ್ಲ. ಸ್ಪ್ರೇ ಗನ್ನಿನಿಂದ ಸಿಂಪಡಿಸಿದ ಪ್ರೈಮರ್ ನೇರವಾಗಿ ಕಾಣುವ ಮೇಲ್ಮೈಯನ್ನು ಚೆನ್ನಾಗಿ ಮುಚ್ಚಿದರೂ ಸಂದುಗಳ ಒಳಗೆ ಹೋಗುವುದಿಲ್ಲ. ಇದರ ಜೊತೆಗೆ ಕೆಳಗಿನ ಕಾರಣಗಳೂ ಸೇರಿಕೊಳ್ಳುತ್ತವೆ:

• ಪುಟ್ಟಿ: ತಗ್ಗುಗಳನ್ನು ತುಂಬಲು ಬಳಸುವ ಪಾಲಿಯೆಸ್ಟರ್ ಪುಟ್ಟಿಯು ತೇವವನ್ನು ಹೀರುತ್ತದೆ. ಪ್ರೈಮರ್‌ನಿಂದ ಮುಚ್ಚದ ಪುಟ್ಟಿಯನ್ನು ನೀರು ಹಾಕಿ ವಾಟರ್ ಪೇಪರ್‌ನಿಂದ ಉಜ್ಜಿ, ಪೂರ್ತಿ ಒಣಗಿಸದೆ ಬಣ್ಣ ಬಳಿದರೆ ಆ ತೇವವು ಒಳಗೇ ಉಳಿಯುತ್ತದೆ.

• ಬೆಸುಗೆ: ಹೊಸ ಆಸನ ಅಥವಾ ಟ್ಯಾಂಕ್ ಕೂರಿಸಲು ಚಾಸಿಗೆ ಬೆಸೆದ ಜೋಡಣೆಗಳ ಸುತ್ತ ಆಕ್ಸೈಡ್ ಪೊರೆ, ಸಿಡಿದ ಲೋಹದ ಹನಿಗಳು ಮತ್ತು ಸೂಕ್ಷ್ಮ ರಂಧ್ರಗಳು ಇರುತ್ತವೆ. ಇವನ್ನು ತೆಗೆಯದಿದ್ದರೆ ಬಣ್ಣವು ಲೋಹಕ್ಕೆ ಅಂಟದೆ ಆ ಪೊರೆಗೆ ಅಂಟುತ್ತದೆ.

• ಅತಿ ದಪ್ಪದ ಲೇಪನ: ಕ್ಯಾಂಡಿ ಬಣ್ಣ, ಮೆಟಲ್ ಫ್ಲೇಕ್ ಮತ್ತು ಚಿತ್ರಗಳ ಮೇಲೆ ಹಲವು ಸುತ್ತು ಕ್ಲಿಯರ್ ಕೋಟ್ ಬೇಕಾಗುತ್ತದೆ. ದಪ್ಪ ಪದರವು ಬಾಗುವ ಗುಣ ಕಳೆದುಕೊಂಡು, ಕಂಪನಕ್ಕೂ ಉಷ್ಣದ ಏರಿಳಿತಕ್ಕೂ ಸಿಕ್ಕಿ ಬೋಲ್ಟುಗಳ ಸುತ್ತ ಹಾಗೂ ಅಂಚುಗಳಲ್ಲಿ ಬಿರುಕು ಬಿಡುತ್ತದೆ.

• ಪೆಟ್ರೋಲ್ ಚೆಲ್ಲುವಿಕೆ: ಟ್ಯಾಂಕಿನ ಮುಚ್ಚಳದ ಸುತ್ತ ಚೆಲ್ಲಿದ ಪೆಟ್ರೋಲ್ ಕೆಲವು ಬಗೆಯ ಲ್ಯಾಕರ್‌ಗಳನ್ನು ಮೆದುವಾಗಿಸುತ್ತದೆ. ಅಂಚು ಎದ್ದ ಕೂಡಲೇ ಅಲ್ಲಿಂದ ನೀರು ಒಳಸೇರುತ್ತದೆ.

ಹವಾಮಾನ ಮತ್ತು ಇಂಧನದ ಪಾತ್ರ

ಸಮುದ್ರದ ಗಾಳಿಯಲ್ಲಿರುವ ಕ್ಲೋರೈಡ್ ಲವಣಗಳು ತುಕ್ಕಿನ ವೇಗವನ್ನು ಹೆಚ್ಚಿಸುತ್ತವೆ. ಮಂಗಳೂರು, ಉಡುಪಿ, ಕಾರವಾರ ಮೊದಲಾದ ಕರಾವಳಿ ಊರುಗಳಲ್ಲಿ ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಆರ್ದ್ರತೆ ಸತತವಾಗಿ ಹೆಚ್ಚಿರುವುದರಿಂದ ಬಣ್ಣ ಬಳಿಯುವ ಕಾಲವೂ ಮುಖ್ಯವಾಗುತ್ತದೆ. ಲೋಹದ ಉಷ್ಣತೆಯು ಗಾಳಿಯ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಲೇಪನ ಉದ್ಯಮದಲ್ಲಿ ರೂಢಿಯಲ್ಲಿರುವ ನಿಯಮ. ಇಲ್ಲವಾದರೆ ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆಯೇ ಪ್ರೈಮರ್ ಬೀಳುವ ಸಾಧ್ಯತೆಯಿದೆ.

ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವವು ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳದ ಬೆಸುಗೆಯ ಸಂದಿನಲ್ಲಿ ನಿಲ್ಲುತ್ತದೆ. ಎಥನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ನೀರಿನ ಅಂಶ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲನ್ನು ಭಾರತದಲ್ಲಿ 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಂದರ್ಭದಲ್ಲಿ ಬಿಡುಗಡೆ ಮಾಡಲಾಯಿತು. ಪ್ರದರ್ಶನಕ್ಕೆಂದು ಸಿದ್ಧಪಡಿಸಿ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ವಾಹನಗಳಲ್ಲಿ ಈ ಅಂಶಕ್ಕೆ ವಿಶೇಷ ಗಮನ ಬೇಕಾಗುತ್ತದೆ.

ಪತ್ತೆ ಹಚ್ಚುವಿಕೆ

ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ನೇರ ನೋಟಕ್ಕೆ ಕಾಣದ ಉಬ್ಬುಗಳು ಗೋಚರಿಸುತ್ತವೆ. ಮೆತ್ತಗೆ ಸುತ್ತಿದ ಸಣ್ಣ ಅಯಸ್ಕಾಂತವು ಒಂದು ಕಡೆ ದುರ್ಬಲವಾಗಿ ಅಂಟಿದರೆ ಅಲ್ಲಿ ದಪ್ಪ ಪುಟ್ಟಿ ಇದೆಯೆಂದು ಊಹಿಸಬಹುದು. ಬಣ್ಣದ ದಪ್ಪವನ್ನು ಮೈಕ್ರೋಮೀಟರ್‌ಗಳಲ್ಲಿ ತೋರಿಸುವ ಮಾಪಕವು ಇನ್ನೂ ನಿಖರವಾದುದು. ಟ್ಯಾಂಕಿನ ತಳದ ಅಂಚು, ಬ್ಯಾಡ್ಜ್‌ಗಳ ಹಿಂಬದಿ, ಆಸನದ ಕೆಳಭಾಗ, ಮಡ್‌ಗಾರ್ಡಿನ ಒಳಮಡಿಕೆ ಮತ್ತು ಚಾಸಿ ಕೊಳವೆಗಳ ನೀರು ಬಸಿಯುವ ರಂಧ್ರಗಳನ್ನು ಮೊದಲು ಪರೀಕ್ಷಿಸಬೇಕು. ಗುಳ್ಳೆಯ ಬಳಿ ಪೆಟ್ರೋಲಿನ ವಾಸನೆಯಿದ್ದರೆ ಅಥವಾ ಬಣ್ಣ ಮೆದುವಾಗಿದ್ದರೆ ಟ್ಯಾಂಕ್ ತೂತಾಗಿರುವ ಸಂಭವವಿದೆ. ಅಂಥ ವಾಹನವನ್ನು ಓಡಿಸುವುದು ಬೆಂಕಿಯ ಅಪಾಯಕ್ಕೆ ಎಡೆಮಾಡುತ್ತದೆ.

ದುರಸ್ತಿ

ಗುಳ್ಳೆಯನ್ನು ಕೆರೆದು ಅದರ ಮೇಲಷ್ಟೇ ಬಣ್ಣ ಹಚ್ಚುವುದರಿಂದ ತುಕ್ಕು ನಿಲ್ಲುವುದಿಲ್ಲ. ಸಡಿಲಗೊಂಡ ಬಣ್ಣವನ್ನು ಗಟ್ಟಿಯಾಗಿ ಅಂಟಿರುವ ಅಂಚು ಸಿಗುವವರೆಗೆ ತೆಗೆದು, ಹೊಳೆಯುವ ಲೋಹ ಕಾಣುವವರೆಗೆ ಶುಚಿಗೊಳಿಸಬೇಕು. ಕುಳಿಗಳ ತಳದಲ್ಲಿ ಉಳಿದ ಕಪ್ಪು ಚುಕ್ಕೆಗಳೂ ತುಕ್ಕೇ ಆಗಿವೆ.

ಮರಳು ಸಿಡಿಸುವಂಥ ಅಪಘರ್ಷಕ ವಿಧಾನವು ಕುಳಿಗಳನ್ನು ಚೆನ್ನಾಗಿ ಶುಚಿಗೊಳಿಸುತ್ತದೆ. ಆದರೆ ಟ್ಯಾಂಕಿನ ತೆಳು ತಗಡು ಹೆಚ್ಚಿನ ಒತ್ತಡಕ್ಕೆ ಸೊಟ್ಟಗಾಗಬಹುದು. ಸಿಲಿಕಾ ಮರಳಿನ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣವಾಗುವುದರಿಂದ ಗಾಜಿನ ಮಣಿ ಅಥವಾ ಗಾರ್ನೆಟ್ ಬಳಸುವುದು ಲೇಸು. ಆಮ್ಲದಲ್ಲಿ ಅದ್ದುವ ವಿಧಾನವನ್ನು ಸ್ಪ್ರಿಂಗ್ ಹಾಗೂ ಅಧಿಕ ಬಲದ ಬೋಲ್ಟುಗಳಿಗೆ ಬಳಸಬಾರದು. ಅವು ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ ಮುರಿಯಬಲ್ಲವು.

ಮಾರುಕಟ್ಟೆಯಲ್ಲಿ ಸಿಗುವ ತುಕ್ಕು ಪರಿವರ್ತಕಗಳಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ. ಇವು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಅಥವಾ ಕಪ್ಪುನೀಲಿಯ ಟ್ಯಾನೇಟ್ ಆಗಿ ಬದಲಾಯಿಸುತ್ತವೆ. ಗಟ್ಟಿಯಾಗಿ ಅಂಟಿದ ತೆಳು ತುಕ್ಕಿಗೆ ಮಾತ್ರ ಇವು ಉಪಯುಕ್ತ. ಹೊಪ್ಪಳೆ ಏಳುವ ತುಕ್ಕಿನ ಆಳಕ್ಕೆ ಇವು ಇಳಿಯುವುದಿಲ್ಲ. ಉಳಿದ ಆಮ್ಲವನ್ನು ತೊಳೆಯದಿದ್ದರೆ ಅದೇ ಮುಂದಿನ ಗುಳ್ಳೆಗಳಿಗೆ ಮೂಲವಾಗುತ್ತದೆ.

ಒಳಗಿನಿಂದ ತೂತಾದ ಟ್ಯಾಂಕಿಗೆ ಹೊರಗಿನ ಬಣ್ಣ ಅಥವಾ ಪುಟ್ಟಿ ಪರಿಹಾರವಲ್ಲ. ಒಳಗಿನ ತುಕ್ಕು ತೆಗೆದು, ತಗಡು ಬೆಸೆದು ಅಥವಾ ಬದಲಿಸಿ, ನಂತರ ಬಣ್ಣದ ಕೆಲಸಕ್ಕೆ ತೊಡಗಬೇಕು. ಖಾಲಿಯಾಗಿ ಕಾಣುವ ಟ್ಯಾಂಕಿನಲ್ಲಿಯೂ ಪೆಟ್ರೋಲ್ ಆವಿ ಉಳಿದು ಸ್ಫೋಟಿಸಬಲ್ಲದಾದ್ದರಿಂದ ಬೆಸುಗೆಯನ್ನು ನುರಿತವರಿಂದಲೇ ಮಾಡಿಸಬೇಕು. ಚಾಸಿ ಕೊಳವೆಯ ಗೋಡೆ ತುಕ್ಕಿನಿಂದ ತೆಳುವಾಗಿದ್ದರೆ ಅದು ಬಣ್ಣದ ದೋಷವಾಗಿ ಉಳಿಯದೆ ವಾಹನದ ಭದ್ರತೆಯ ಪ್ರಶ್ನೆಯಾಗುತ್ತದೆ.

ತಡೆಗಟ್ಟುವಿಕೆ

ಸರಿಯಾದ ಲೇಪನ ಕ್ರಮವನ್ನು ಹೀಗೆ ಸಂಗ್ರಹಿಸಬಹುದು:

1. ಉಜ್ಜುವ ಮೊದಲೇ ಮೇಣ ಮತ್ತು ಜಿಡ್ಡನ್ನು ದ್ರಾವಕದಿಂದ ಒರೆಸುವುದು. ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಬಳಸುವುದು.

2. ಬೆಸುಗೆಯ ಕೆಲಸಗಳನ್ನೆಲ್ಲ ಮುಗಿಸಿ, ಲೋಹವನ್ನು ಶುಚಿಗೊಳಿಸುವುದು. ಆ ನಂತರ ಕೈಗವಸು ಇಲ್ಲದೆ ಮುಟ್ಟದಿರುವುದು.

3. ಶುಚಿಗೊಳಿಸಿದ ಕೆಲವೇ ಗಂಟೆಗಳೊಳಗೆ ಎಪಾಕ್ಸಿ ಪ್ರೈಮರ್ ಸಿಂಪಡಿಸುವುದು. ಆಮ್ಲಯುಕ್ತ ಎಚ್ ಪ್ರೈಮರ್ ಬಳಸಿದ್ದಲ್ಲಿ ಅದರ ಮೇಲೆ ಎಪಾಕ್ಸಿ ಹೊಂದುತ್ತದೆಯೇ ಎಂದು ತಯಾರಕರ ಸೂಚನೆಯಲ್ಲಿ ನೋಡುವುದು.

4. ಅಗತ್ಯವಿದ್ದರೆ ಎಪಾಕ್ಸಿಯ ಮೇಲೆ ಪುಟ್ಟಿ ತುಂಬಿ, ಒಣದಾಗಿ ಉಜ್ಜಿ, ಮತ್ತೆ ಪ್ರೈಮರ್‌ನಿಂದ ಮುಚ್ಚುವುದು.

5. ಪ್ರತಿ ಸುತ್ತಿನ ನಡುವೆ ದ್ರಾವಕ ಆರಲು ಬೇಕಾದ ಸಮಯ ನೀಡಿ ಬಣ್ಣ ಹಾಗೂ ಕ್ಲಿಯರ್ ಕೋಟ್ ಬಳಿಯುವುದು.

6. ಸಂದುಗಳಿಗೆ ಸೀಲರ್, ಟೊಳ್ಳು ಕೊಳವೆಗಳ ಒಳಗೆ ಮೇಣದಂಥ ರಕ್ಷಕ ಹಾಕುವುದು. ನೀರು ಬಸಿಯುವ ರಂಧ್ರಗಳನ್ನು ತೆರೆದಿಡುವುದು.

ಬಳಕೆಯ ಹಂತದಲ್ಲಿ ಕಲ್ಲೇಟಿನ ಗೀರುಗಳನ್ನು ತಡಮಾಡದೆ ಮುಚ್ಚುವುದು, ಕರಾವಳಿಯಲ್ಲಿ ಓಡಿಸಿದ ನಂತರ ಸಿಹಿನೀರಿನಿಂದ ತೊಳೆದು ಒಣಗಿಸುವುದು ಮತ್ತು ತೇವ ಹೊರಹೋಗದ ಪ್ಲಾಸ್ಟಿಕ್ ಹೊದಿಕೆಯನ್ನು ಒದ್ದೆ ವಾಹನದ ಮೇಲೆ ಹಾಕದಿರುವುದು ಲೇಪನದ ಬಾಳಿಕೆಯನ್ನು ಹೆಚ್ಚಿಸುತ್ತವೆ.

ಪರೀಕ್ಷೆ ಮತ್ತು ಮಾನದಂಡಗಳು

ಬಣ್ಣದ ಅಂಟುಗುಣವನ್ನು ಚೌಕಳಿ ಗೀರುಗಳ ಮೂಲಕ ಅಳೆಯುವ ಐಎಸ್‌ಒ 2409, ಉಪ್ಪುನೀರಿನ ಮಂಜಿನಲ್ಲಿ ಲೇಪನವನ್ನು ಪರೀಕ್ಷಿಸುವ ಐಎಸ್‌ಒ 9227 ಮತ್ತು ಗುಳ್ಳೆ, ತುಕ್ಕುಗಳ ಪ್ರಮಾಣಕ್ಕೆ ಶ್ರೇಣಿ ನೀಡುವ ಐಎಸ್‌ಒ 4628 ಸರಣಿ ಈ ಕ್ಷೇತ್ರದ ಪ್ರಮುಖ ಮಾನದಂಡಗಳಾಗಿವೆ. ಉಪ್ಪುಮಂಜಿನ ಪರೀಕ್ಷೆಯು ಲೇಪನಗಳ ಗುಣಮಟ್ಟವನ್ನು ಹೋಲಿಸಲು ನೆರವಾಗುತ್ತದೆ. ಅದರ ಗಂಟೆಗಳ ಲೆಕ್ಕದಿಂದ ರಸ್ತೆಯ ಮೇಲಿನ ಬಾಳಿಕೆಯ ವರ್ಷಗಳನ್ನು ನೇರವಾಗಿ ನಿರ್ಧರಿಸಲಾಗದು.

ಇವನ್ನೂ ನೋಡಿ

• ತುಕ್ಕು
• ಸತುಲೇಪನ
• ವಿದ್ಯುಲ್ಲೇಪನ
• ಮೋಟಾರ್‌ಸೈಕಲ್