ಪೆನಾಂಗ್‌ನಲ್ಲಿ ಕೊನೆಯ ಶುಕ್ರವಾರ

ಪ್ರವಾಸದ ಕೊನೆಯ ದಿನ ಅಂದರೆ ಬಾಕಿ ತೀರಿಸುವ ದಿನ. ಮೊದಲ ನಾಲ್ಕು ದಿನ ‘ಆಮೇಲೆ ನೋಡುವ’, ‘ನಾಳೆ ತಿನ್ನುವ’ ಅಂತ ಮುಂದೆ ಹಾಕಿದ್ದೆಲ್ಲ ಆ ಒಂದು ದಿನ ಒಟ್ಟಿಗೇ ಬಂದು ನಿಲ್ಲುತ್ತದೆ. ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ನಮಗೂ ಹಾಗೇ ಆಯಿತು. ಸಂಜೆ ಏಳಕ್ಕೆ ಕೌಲಾಲಂಪುರಕ್ಕೆ ವಿಮಾನ, ಅಲ್ಲಿಂದ ಬೆಂಗಳೂರು, ಮತ್ತೆ ಊರು. ಕೈಯಲ್ಲಿ ಉಳಿದದ್ದು ಒಂದು ಹಗಲು ಮಾತ್ರ. ಅದೂ ಶುಕ್ರವಾರ.

ಮಂಗಳೂರಿನಲ್ಲಿ ಒಟ್ಟಿಗೆ ಓದಿದ ನಾಲ್ವರು ಗೆಳೆಯರು ನಾವು. ಮೂವರು ಊರಿನಿಂದ ಹೋದವರು, ಇಬ್ಬರ ಜೊತೆ ಮನೆಯವರೂ ಇದ್ದರು. ನಾಲ್ಕನೆಯವನು ಪೆನಾಂಗ್‌ನಲ್ಲೇ ಇದ್ದಾನೆ. ಬಯಾನ್ ಲೆಪಾಸ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲಿಗೆ ಹೋಗಿ 14 ವರ್ಷ ಆಯಿತು. ಅವನ ಒಂಬತ್ತು ವರ್ಷದ ಮಗಳಿಗೆ ಶಾಲೆಗೆ ರಜೆ ಇದ್ದದ್ದರಿಂದ ಆ ದಿನ ಅವಳೇ ನಮ್ಮ ಗೈಡ್. ನಾವು ಬ್ಯಾರಿ ಭಾಷೆಯಲ್ಲಿ ಕೇಳಿದರೆ ಅವಳಿಗೆ ಎಲ್ಲ ಅರ್ಥ ಆಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

‘ಗುಡ್ಡಕ್ಕೆ ಹೋಗುವ’ ಅಂತ ಇಬ್ಬರ ಹಟ. 1923ರಿಂದ ಓಡುತ್ತಿರುವ ಪೆನಾಂಗ್ ಹಿಲ್‌ನ ರೈಲು ನೋಡಲೇಬೇಕಂತೆ. ‘ಗುಡ್ಡ ಎಲ್ಲಿಗೂ ಹೋಗುವುದಿಲ್ಲ ಮಾರಾಯ, ಇವತ್ತು ಪೇಟೆಯಲ್ಲಿ ನಡೆಯುವ’ ಅಂದ ನಮ್ಮ ಗೆಳೆಯ. ಅವನ ಮಾತೇ ನಡೆಯಿತು. ಯಾಕೆ ಅಷ್ಟು ಒತ್ತಾಯ ಮಾಡಿದ ಎಂಬುದು ನಮಗೆ ಗೊತ್ತಾದದ್ದು ಮಧ್ಯಾಹ್ನದ ಮೇಲೆ.

ಬೆಳಿಗ್ಗೆ ಏಳು ಗಂಟೆಗೂ ಅಲ್ಲಿ ಇನ್ನೂ ಮಬ್ಬು. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. 1982ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಇರಲೆಂದು ಪಶ್ಚಿಮ ಭಾಗದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು. ಹಾಗಾಗಿ ಸೂರ್ಯ ಏಳುವುದೂ ತಡ, ಝುಹರ್ ಸಮಯ ಆಗುವುದೂ ಒಂದು ಗಂಟೆ ದಾಟಿದ ಮೇಲೆ. ‘ಒಳ್ಳೆಯದೇ ಆಯಿತು, ಜುಮಾಕ್ಕೆ ಮೊದಲು ಅರ್ಧ ಊರು ಸುತ್ತಬಹುದು’ ಅಂತ ಲೆಕ್ಕ ಹಾಕಿದೆವು.

ಚಹಾ ತಿಂಡಿಗೆ ‘ಮಾಮಕ್’ ಅಂಗಡಿ. ತಮಿಳು ಮೂಲದ ಮುಸ್ಲಿಮರ ಹೋಟೆಲುಗಳಿಗೆ ಅಲ್ಲಿ ಹಾಗೆಯೇ ಹೆಸರು. ನಮ್ಮ ‘ಮಾಮ’ನೇ ಅಲ್ಲಿ ಮಾಮಕ್ ಆಗಿದ್ದಾನೆ. ರೋಟಿ ಚನಾಯ್ ಅಂದರೆ ನಮ್ಮ ಪರೋಟದ ತಮ್ಮ, ಸ್ವಲ್ಪ ತೆಳು. ಜೊತೆಗೆ ಬೇಳೆ ಸಾರು. ತೆಹ್ ತಾರಿಕ್ ಅಂದರೆ ಎಳೆದ ಚಹಾ. ಒಂದು ಲೋಟದಿಂದ ಇನ್ನೊಂದಕ್ಕೆ ಒಂದು ಮಾರು ಎತ್ತರದಿಂದ ಹೊಯ್ದು ನೊರೆ ಬರಿಸುತ್ತಾರೆ. ಹಾಕುವುದು ಡಬ್ಬಿಯ ಗಟ್ಟಿ ಸಿಹಿ ಹಾಲಾದ ಕಾರಣ ಸಿಹಿ ಜಾಸ್ತಿ. ‘ಕುರಂಗ್ ಮಾನಿಸ್’, ಅಂದರೆ ಸಿಹಿ ಕಡಿಮೆ, ಅಂತ ಹೇಳಲು ಹುಡುಗಿಯೇ ಕಲಿಸಿಕೊಟ್ಟಳು. ಸಕ್ಕರೆ ಕಾಯಿಲೆ ಇರುವವರು ಆ ಎರಡು ಶಬ್ದ ಬಾಯಿಪಾಠ ಮಾಡಿಕೊಂಡು ಹೋಗುವುದು ಒಳ್ಳೆಯದು.

ಅಲ್ಲಿಂದ ಸಮುದ್ರದ ಬದಿ. ಚ್ಯೂ ಜೆಟ್ಟಿಯಲ್ಲಿ ಚೀನಾದಿಂದ ಬಂದ ಒಂದೇ ಕುಲದವರು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿಕೊಂಡ ಮರದ ಮನೆಗಳಿವೆ. ನಡುವೆ ಹಲಗೆಯ ದಾರಿ, ಕೆಳಗೆ ಉಬ್ಬರ ಇಳಿತ. ಅಲ್ಲಿಂದ ಅರ್ಮೇನಿಯನ್ ಬೀದಿಗೆ ನಡೆದೆವು. 2012ರಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಝಕಾರೆವಿಕ್ ಗೋಡೆಗೆ ನಿಜವಾದ ಸೈಕಲನ್ನೇ ಸೇರಿಸಿ, ಅದರ ಮೇಲೆ ಇಬ್ಬರು ಮಕ್ಕಳ ಚಿತ್ರ ಬರೆದಿದ್ದಾನೆ. ಫೋಟೋಕ್ಕೆ ಸಾಲು ನಿಂತಿತ್ತು. ನಾವೂ ನಿಂತೆವು, ಮಕ್ಕಳಂತೆ.

ಎರಡು ಹೆಜ್ಜೆ ಮುಂದೆ ಅಚೀನ್ ಬೀದಿಯ ಮಸೀದಿ. ಸುಮಾತ್ರಾದ ಅಚೆ ಪ್ರಾಂತ್ಯದಿಂದ ಬಂದ ಅರಬ್ ಮೂಲದ ವರ್ತಕ ತೆಂಕು ಸೈಯದ್ ಹುಸೇನ್ 1808ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ಮಿನಾರ. ಹಡಗಿನ ಕಾಲದಲ್ಲಿ ಆ ಸುತ್ತಿನ ಊರುಗಳ ಹಜ್ ಯಾತ್ರಿಕರೆಲ್ಲ ಇಲ್ಲಿಗೇ ಬಂದು ತಂಗಿ ಜಿದ್ದಾಕ್ಕೆ ಹೊರಡುತ್ತಿದ್ದರು. ಟಿಕೆಟ್, ಬುತ್ತಿ, ಇಹ್ರಾಮಿನ ಬಟ್ಟೆ ಎಲ್ಲ ಈ ಬೀದಿಯಲ್ಲೇ. ನಮ್ಮ ಹಿರಿಯರು ಮುಂಬಯಿಗೆ ಹೋಗಿ ವಾರಗಟ್ಟಲೆ ಹಡಗು ಕಾಯುತ್ತಿದ್ದ ಕಥೆ ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಭಾರತದಿಂದ ಹಜ್ ಹಡಗು ನಿಂತದ್ದು 1995ರಲ್ಲಿ. ಆ ಬೀದಿಯಲ್ಲಿ ನಿಂತಾಗ ಅದೇ ಕಥೆಯ ಇನ್ನೊಂದು ದಂಡೆಗೆ ಬಂದ ಹಾಗೆ ಅನ್ನಿಸಿತು.

ಇಲ್ಲೇ ಒಂದು ತಮಾಷೆ ನಡೆಯಿತು. ಚಪ್ಪಲಿ ಕಳಚುವಲ್ಲಿ ಅರಬ್ಬಿ ಅಕ್ಷರದ ಒಂದು ಫಲಕ ಇತ್ತು. ಮಲಾಯ್ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಕ್ರಮಕ್ಕೆ ‘ಜಾವಿ’ ಅನ್ನುತ್ತಾರೆ, ನಮ್ಮ ಮದ್ರಸಗಳ ಅರಬಿ ಮಲಯಾಳದ ಹಾಗೆ. ನಮ್ಮಲ್ಲೊಬ್ಬ ಚಿಕ್ಕಂದಿನಲ್ಲಿ ಅರಬಿ ಮಲಯಾಳ ಕಲಿತವನು. ಅಕ್ಷರ ಕೂಡಿಸಿ ಓದತೊಡಗಿದ. ಮೂರು ಚುಕ್ಕೆಯ ಒಂದು ಅಕ್ಷರದಲ್ಲಿ ತಡೆದು, ಮತ್ತೆ ಶುರು ಮಾಡಿ, ‘ತಂ... ಪತ್... ಕಾಸೂತ್’ ಅಂದ. ಓದಿದವನಿಗೆ ಅರ್ಥ ಗೊತ್ತಿಲ್ಲ. ಪಕ್ಕದಲ್ಲಿದ್ದ ಹುಡುಗಿಗೆ ಆ ಲಿಪಿ ಗೊತ್ತಿಲ್ಲ. ಆದರೆ ಶಬ್ದ ಕಿವಿಗೆ ಬಿದ್ದ ಕೂಡಲೇ ‘ತೆಂಪತ್ ಕಸುತ್! ಚಪ್ಪಲಿ ಇಡುವ ಜಾಗ!’ ಅಂತ ಕೂಗಿದಳು. ಇಬ್ಬರೂ ಸೇರಿ ಒಂದು ಫಲಕ ಓದಿದರು. ನಮಗೆಲ್ಲ ನಗುವೋ ನಗು. ಅವಳ ಅಪ್ಪ ಮಾತ್ರ ನಗಲಿಲ್ಲ.

ಜುಮಾಕ್ಕೆ ಹೋದದ್ದು ಕಪಿತಾನ್ ಕೆಲಿಂಗ್ ಮಸೀದಿಗೆ. ಈ ಬೀದಿಗೆ ಸಾಮರಸ್ಯದ ಬೀದಿ ಅಂತಲೂ ಹೆಸರು. ಒಂದು ತುದಿಯಲ್ಲಿ 1818ರ ಸೇಂಟ್ ಜಾರ್ಜ್ ಚರ್ಚ್, ಸ್ವಲ್ಪ ಮುಂದೆ ಚೀನೀಯರ ಕರುಣಾದೇವಿಯ ಗುಡಿ, ಪಕ್ಕದ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನ, ಮತ್ತೆ ಈ ಮಸೀದಿ. ಎಲ್ಲ ಹತ್ತು ನಿಮಿಷದ ನಡಿಗೆಯೊಳಗೆ. ಚುಲಿಯಾ ಬೀದಿಯಲ್ಲಿ ನಾಗೂರಿನ ಶಾಹುಲ್ ಹಮೀದ್ ವಲಿಯವರ ನೆನಪಿನ ಒಂದು ದರ್ಗಾ ಕೂಡ ಇದೆ. ಫ್ರಾನ್ಸಿಸ್ ಲೈಟ್ ಎಂಬ ಇಂಗ್ಲಿಷ್ ವರ್ತಕ 1786ರಲ್ಲಿ ಈ ಬಂದರು ಶುರು ಮಾಡಿದಾಗ ದುಡಿಯಲು, ವ್ಯಾಪಾರ ಮಾಡಲು ನಾನಾ ದಿಕ್ಕಿನಿಂದ ಜನ ಬಂದರು. ಬಂದವರೆಲ್ಲ ಮೊದಲು ಕಟ್ಟಿದ್ದು ತಮ್ಮ ಪ್ರಾರ್ಥನೆಯ ಜಾಗ. ಹಳೆಯ ಪೇಟೆ ಜಾರ್ಜ್ ಟೌನ್ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಈ ಬೆರಕೆಯ ಕಾರಣದಿಂದಲೇ.

1801ರಲ್ಲಿ ಈ ಮಸೀದಿಗೆ ಅಡಿಪಾಯ ಹಾಕಿದ ಕಾದರ್ ಮೊಹಿದೀನ್ ತಮಿಳು ಮುಸ್ಲಿಂ ವರ್ತಕ, ತನ್ನ ಜನರ ಮುಖಂಡ. ಮುಖಂಡನಿಗೆ ಅಲ್ಲಿ ‘ಕಪಿತಾನ್’ ಎನ್ನುತ್ತಿದ್ದರು. ‘ಕೆಲಿಂಗ್’ ಎಂಬುದು ಕಳಿಂಗದಿಂದ ಬಂದ ಶಬ್ದ, ಭಾರತದವರು ಎಂಬ ಅರ್ಥ. ಇವತ್ತು ಯಾರನ್ನಾದರೂ ಹಾಗೆ ಕರೆದರೆ ಬೈದ ಹಾಗೆ. ಮಸೀದಿಯ ಹೆಸರಿನಲ್ಲಿ ಮಾತ್ರ ಗೌರವದಿಂದ ಉಳಿದಿದೆ. ಇಂದಿನ ಕಪ್ಪು ಗುಮ್ಮಟಗಳು, ಮಿನಾರ 20ನೇ ಶತಮಾನದ ಆರಂಭದ ನವೀಕರಣದಲ್ಲಿ ಬಂದವು. ಮಲಾಯ್ ಜನ ನಮ್ಮ ಹಾಗೆಯೇ ಶಾಫಿಈಗಳು, ಆದ್ದರಿಂದ ಸಫ್‌ನಲ್ಲಿ ನಿಂತಾಗ ಪರವೂರು ಅನ್ನಿಸಲೇ ಇಲ್ಲ.

ನಮಾಝ್ ಮುಗಿದರೆ ಎಲ್ಲರಿಗೂ ಹಸಿವು. ನಾಸಿ ಕಂದರ್ ತಿನ್ನದೆ ಪೆನಾಂಗ್ ಬಿಡುವುದುಂಟೆ? ನಾಸಿ ಅಂದರೆ ಅನ್ನ, ಕಂದರ್ ಅಂದರೆ ಹೆಗಲ ಮೇಲಿನ ಕಾವಡಿ. ಹಿಂದೆ ತಮಿಳು ಮುಸ್ಲಿಮರು ಕಾವಡಿಯ ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಇವತ್ತು ಅದು ಹೋಟೆಲು, ಎದುರಿಗೆ ಉದ್ದ ಸಾಲು. ಕೋಳಿ, ಮೀನಿನ ತಲೆ, ಬೊಂಡಾಸ್, ಮೊಟ್ಟೆ, ಬೆಂಡೆ. ಬೆಂಡೆಗೆ ಅಲ್ಲಿಯೂ ‘ಬೆಂಡಿ’ ಅಂತಲೇ ಹೆಸರು! ‘ಬಂಜಿರ್’ ಅಂದರೆ ನೆರೆ. ಹಾಗೆ ಹೇಳಿದರೆ ನಾಲ್ಕೈದು ಬಗೆಯ ಸಾರು ಒಟ್ಟಿಗೇ ಅನ್ನ ಮುಳುಗುವಷ್ಟು ಸುರಿಯುತ್ತಾರೆ. ನಮ್ಮ ಹೆಂಗಸರು ಒಂದು ತುತ್ತು ಬಾಯಿಗಿಟ್ಟು, ಇದಕ್ಕೆ ಎಂತ ಮಸಾಲೆ ಅಂತ ಚರ್ಚೆಗೆ ಕೂತರು. ಮೆಂತ್ಯೆ ಉಂಟು ಅಂತ ಒಬ್ಬರು, ಕರಿಬೇವು ಖಂಡಿತ ಅಂತ ಇನ್ನೊಬ್ಬರು.

ಗಲ್ಲಾದಲ್ಲಿದ್ದ ಹಿರಿಯರ ಹತ್ತಿರ ಕೇಳಿದೆವು, ಹುಡುಗಿ ಮಲಾಯ್‌ಗೆ ತಿರುಗಿಸಿದಳು. ಅವರ ಮುತ್ತಜ್ಜ ತಮಿಳುನಾಡಿನಿಂದ ಬಂದವರು. ಅಜ್ಜನ ಜೊತೆ ಇವರು ತಮಿಳು ಮಾತಾಡುತ್ತಿದ್ದರು, ಅಪ್ಪನ ಜೊತೆ ಎರಡೂ ಭಾಷೆ, ಮಕ್ಕಳ ಜೊತೆ ಬರೀ ಮಲಾಯ್. ‘ಮೊಮ್ಮಗನಿಗೆ ತಮಿಳಿನಲ್ಲಿ ಗೊತ್ತಿರುವುದು ಸಾರಿನ ಹೆಸರು ಮಾತ್ರ’ ಅಂದರು, ನಗುತ್ತಲೇ. ಅಡುಗೆ ಮನೆಯಿಂದ ಈಗಲೂ ತಮಿಳು ಕೇಳುತ್ತಿತ್ತು. ಅದು ಈಚೆಗೆ ದುಡಿಯಲು ಬಂದವರದ್ದು.

ಕೈ ತೊಳೆಯುವಾಗ ನಮ್ಮ ಗೆಳೆಯ ಮೆಲ್ಲ ಹೇಳಿದ. ‘ನಿಮ್ಮನ್ನು ಗುಡ್ಡಕ್ಕೆ ಕರಕೊಂಡು ಹೋಗದೆ ಇಲ್ಲಿಗೆ ತಂದದ್ದು ಇದಕ್ಕೇ. ಈ ಅಂಗಡಿಗೆ ಬಂದಾಗಲೆಲ್ಲ ನನಗೆ ನನ್ನ ಮನೆ ಕಾಣುತ್ತದೆ. ಮಗಳು ಬಿರಿಯಾನಿ ತಿನ್ನುತ್ತಾಳೆ, ಪುಂಡಿ ತಿನ್ನುತ್ತಾಳೆ. ಮಾತು? ಊರಲ್ಲಿ ಉಮ್ಮನಿಗೆ ಬ್ಯಾರಿ ಬಿಟ್ಟು ಬೇರೆ ಬಾರದು. ಶುಕ್ರವಾರ ಫೋನ್ ಮಾಡಿದರೆ ಉಮ್ಮ ಮಾತಾಡುತ್ತಾರೆ, ಇವಳು ತಲೆ ಆಡಿಸುತ್ತಾಳೆ. ತಲೆ ಆಡಿಸಿದ್ದು ಫೋನಲ್ಲಿ ಕೇಳುತ್ತದಾ ಮಾರಾಯ?’

ಯಾರಿಗೂ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಇಬ್ಬರ ಮಕ್ಕಳು ದುಬೈಯಲ್ಲಿದ್ದಾರೆ.

ಆಮೇಲೆ ಓಟ. ಚೌರಸ್ತಾ ಮಾರ್ಕೆಟ್‌ನಲ್ಲಿ ಪೆನಾಂಗ್‌ನ ಹೆಸರುವಾಸಿ ಜಾಯಿಕಾಯಿಯ ಉಪ್ಪಿನಕಾಯಿ, ಒಣಗಿಸಿದ ಸಿಹಿ ಹಣ್ಣು. ಪಕ್ಕದ ಓಣಿಯಲ್ಲಿ ಚೆಂಡೋಲ್: ತೆಂಗಿನ ಹಾಲು, ತಾಳೆ ಬೆಲ್ಲ, ಪುಡಿ ಮಾಡಿದ ಮಂಜುಗಡ್ಡೆ, ಹಸಿರು ಶ್ಯಾವಿಗೆ. ನಿಂತುಕೊಂಡೇ ಕುಡಿದೆವು. ದಾರಿ ಬದಿಯಲ್ಲಿ ‘ಪುಟು ಮಾಯಮ್’ ಕಂಡಿತು. ನೋಡಿದರೆ ನಮ್ಮದೇ ಸೇಮಿಗೆ, ಮೇಲೆ ಬೆಲ್ಲ, ಕಾಯಿತುರಿ! ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೂ ‘ಬುಂಗ್ಕುಸ್’, ಅಂದರೆ ಪಾರ್ಸೆಲ್, ಮಾಡಿಸಿದೆವು.

ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನಲ್ಲೇ ಊರಿಗೆ ಫೋನ್ ಹಚ್ಚಿದ. ನಮ್ಮ ಜಾವಿ ಪಂಡಿತ ಹುಡುಗಿಗೆ ಹೇಳಿದ, ‘ಚಪ್ಪಲಿಯ ಕಥೆ ಅಜ್ಜಿಗೆ ನೀನೇ ಹೇಳು. ಅಜ್ಜಿಗೆ ಇಂಗ್ಲಿಷ್ ಬಾರದು, ನಾವು ಯಾರೂ ಸಹಾಯ ಮಾಡುವುದಿಲ್ಲ.’ ಅವಳು ಅಪ್ಪನ ಮುಖ ನೋಡಿದಳು. ಅವನು ರಸ್ತೆ ನೋಡಿದ. ಆಚೆಯಿಂದ ಅಜ್ಜಿ ಕಾಯುತ್ತಿದ್ದರು. ಕೊನೆಗೆ ಶುರು ಮಾಡಿದಳು. ತಡವರಿಸಿದಳು, ಒಂದು ಶಬ್ದ ಮಲಾಯ್, ಒಂದು ಇಂಗ್ಲಿಷ್, ಉಳಿದದ್ದು ಬ್ಯಾರಿ. ನಡುವೆ ಅಜ್ಜಿ ಎರಡು ಸಲ ತಿದ್ದಿದರು, ಆಮೇಲೆ ಜೋರಾಗಿ ನಕ್ಕರು. ನಾವು ಉಸಿರು ಬಿಡದೆ ಕೇಳಿದೆವು.

ನಮ್ಮ ಭಾಷೆಗೆ 2007ರಲ್ಲಿ ರಾಜ್ಯ ಸರಕಾರ ಅಕಾಡೆಮಿ ಕೊಟ್ಟಿದೆ. ಅದು ದೊಡ್ಡ ಕೆಲಸ. ಆದರೆ ಪೆನಾಂಗ್‌ನಲ್ಲೋ ದಮ್ಮಾಮ್‌ನಲ್ಲೋ ಇರುವ ಮಗುವಿನ ಬಾಯಿಗೆ ಮಾತು ಬರಬೇಕಾದರೆ ಆಚೆ ಕಡೆ ಕಾಯುವ ಒಬ್ಬರು ಬೇಕು. ನಾವು ಮಾಡುವುದೇನು? ಮೊಮ್ಮಗು ಒಂದು ಕ್ಷಣ ತಡೆದರೆ ಸಾಕು, ಇಂಗ್ಲಿಷಿಗೋ ಹಿಂದಿಗೋ ಹಾರುತ್ತೇವೆ. ಪಾಪ, ಕಷ್ಟ ಆಗಬಾರದು ಅಂತ. ಇನ್ನು ಫೋನ್ ಬಂದಾಗ ಬ್ಯಾರಿಯಲ್ಲೇ ಕೇಳಿ, ಸುಮ್ಮನೆ ಕಾದು ನೋಡಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿದೀತು. ಹಿಡಿಯಲಿ.