ಲಾಲ್‌ಬಾಗ್ ಬಂಡೆ: ಬಯಲಲ್ಲೇ ಇರುವ ಶಿಲಾ ಪ್ರದರ್ಶನ

ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬೋಳು ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ. ವಿಶ್ವೇಶ್ವರಪುರಂ ಕಡೆಯಿಂದ ಬರುವವರು ಪಶ್ಚಿಮ ದ್ವಾರದಿಂದ ಒಳಹೊಕ್ಕು, ತೋಟ ದಾಟಿ ಇಲ್ಲಿಗೆ ತಲುಪಬಹುದು. ಬಂಡೆ ಹತ್ತಿದವರ ಕಣ್ಣು ಸಾಮಾನ್ಯವಾಗಿ ಗೋಪುರದ ಮೇಲೆ, ಇಲ್ಲವೇ ದೂರದ ಊರಿನ ಮೇಲೆ ಇರುತ್ತದೆ. ನೋಡಲೇಬೇಕಾದದ್ದು ಕಾಲ ಕೆಳಗಿದೆ.

ಈ ಶಿಲೆಯ ಹೆಸರು ನೈಸ್. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಕುಳಿತು ನೋಡಿದರೆ, ಬೂದುಬಣ್ಣದ ಮೈಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಒಂದರ ಪಕ್ಕ ಒಂದು ಸಾಗುವುದು ಕಾಣುತ್ತದೆ. ಬಿಳಿಯ ಪಟ್ಟೆಯಲ್ಲಿರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಮುಖ್ಯವಾಗಿ ಕಪ್ಪು ಅಭ್ರಕ. ನೆಲದಾಳದಲ್ಲಿ ಶಿಲಾಪಾಕ ಆರಿ ಗಟ್ಟಿಯಾದ ಕಲ್ಲು ಮತ್ತೆ ಭಾರೀ ಒತ್ತಡಕ್ಕೂ ಕಾವಿಗೂ ಸಿಕ್ಕಾಗ ಅದರ ಖನಿಜಗಳು ಹೀಗೆ ಬೇರೆ ಬೇರೆ ಪದರಗಳಾದವು. ಮೆತ್ತಗಾದ ಕಲ್ಲು ಹಲವೆಡೆ ಸೀರೆಯ ನೆರಿಗೆಯಂತೆ ಮಡಿಕೆಬಿದ್ದಿದೆ. ಪಟ್ಟೆಗಳನ್ನು ಅಡ್ಡಕ್ಕೆ ಸೀಳಿಕೊಂಡು ಹೋಗುವ ತಿಳಿಬಣ್ಣದ ಎಳೆಗಳು ಸಿಕ್ಕಿದರೆ ಅವು ಪಟ್ಟೆಗಳಿಗಿಂತ ಕಿರಿಯವು ಎಂದು ತಿಳಿಯಬೇಕು: ಕಲ್ಲು ಮೊದಲೇ ಇದ್ದರೆ ತಾನೆ ಅದನ್ನು ಸೀಳಲು ಸಾಧ್ಯ! ಭೂವಿಜ್ಞಾನದ ಈ ಮೂಲಪಾಠವನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿ ಸಿಗುವುದು ಕಷ್ಟ.

ದಕ್ಷಿಣ ಭಾರತದ ಬಹುಭಾಗಕ್ಕೆ ತಳಪಾಯವಾಗಿರುವ ಈ ಶಿಲಾಸಮೂಹಕ್ಕೆ ‘ಪೆನಿನ್ಸುಲರ್ ನೈಸ್’ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲಾಲ್‌ಬಾಗ್ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಉಡುಪಿ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಂಬಶಿಲೆಗಳಿಗೂ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾಕ್ಕೂ ಇದೇ ಮನ್ನಣೆ ಇದೆ.

ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಇದೇ ನೈಸ್. ಗವಿಪುರದ ಗಂಗಾಧರೇಶ್ವರನಿಗೆ ಗುಡಿಯಾದದ್ದೂ ಬಂಡೆಯ ಗವಿಯೇ. ಅದೇ ಗವಿಪುರದಲ್ಲಿ ‘ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ’ದ ಕಚೇರಿಯಿದೆ. 1958ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ಮುನ್ನಡೆಸಿದವರು ಕರ್ನಾಟಕದ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ.

ಲಾಲ್‌ಬಾಗ್ ಬಂಡೆಯಲ್ಲಿ ಪಳೆಯುಳಿಕೆ ಹುಡುಕಿ ಫಲವಿಲ್ಲ. ಅಷ್ಟು ಕಾವು ಉಂಡ ಕಲ್ಲಿನಲ್ಲಿ ಜೀವಿಯ ಗುರುತು ಉಳಿಯದು. ಅದು ರೂಪುಗೊಂಡಾಗ ಭೂಮಿಯ ಮೇಲೆ ಮರಗಳೂ ಇರಲಿಲ್ಲ. ಪಳೆಯುಳಿಕೆ ನೋಡಬೇಕೆಂದರೆ ತೋಟದಲ್ಲೇ ಇಟ್ಟಿರುವ ಕಲ್ಲಾದ ಮರದ ಕಾಂಡದ ಬಳಿಗೆ ಹೋಗಬೇಕು. ತಮಿಳುನಾಡಿನ ತಿರುವಕ್ಕರೈನಿಂದ ತಂದ ಈ ಕಾಂಡಕ್ಕೆ ಸುಮಾರು 2 ಕೋಟಿ ವರ್ಷ. ನದಿಯ ಮರಳಲ್ಲಿ ಹೂತುಹೋದ ಮರ ಗಾಳಿ ತಾಗದೆ ಕೊಳೆಯದೆ ಉಳಿಯುತ್ತದೆ. ನೆಲದೊಳಗಿನ ನೀರು ಕರಗಿಸಿ ತಂದ ಸಿಲಿಕಾ ಕಟ್ಟಿಗೆಯ ಕೋಶಕೋಶಕ್ಕೂ ಇಳಿದು, ನಿಧಾನವಾಗಿ ಅದರ ಜಾಗವನ್ನೇ ಹಿಡಿಯುತ್ತದೆ. ಆದ್ದರಿಂದಲೇ ಇಂಥ ಕಾಂಡ ಕಣ್ಣಿಗೆ ಮರದಂತೆ ಕಂಡರೂ ಕೈಗೆ ತಣ್ಣನೆಯ ಕಲ್ಲು.